ಕಾಡಿನ ಬೆಳವಣಿಗೆಯ ಕಂಪ್ಯೂಟರ್ ಮಾದರಿ: ಪಿಎಚ್.ಡಿ. ಮಾಡಬೇಕೆನ್ನುವವರಿಗೆ

ಪ್ರಶ್ನೆ (ಗುಬ್ಬಿಯ ವಿದ್ಯಾರ್ಥಿನಿ):
ನಮಸ್ಕಾರ ಮೇಡಂ. ತುಮಕೂರು ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ, ಪೈಥಾನ್ ಪ್ರೋಗ್ರಾಮಿಂಗ್ ಬರುತ್ತದೆ. ಕಾಡು ಬೆಳೆಯುವ ಬಗೆಯನ್ನು ಕಂಪ್ಯೂಟರ್ ಮಾದರಿಯಲ್ಲಿ ಅಧ್ಯಯನ ಮಾಡಿ ಪಿಎಚ್.ಡಿ. ಪಡೆಯಬೇಕೆಂಬ ಆಸೆಯಿದೆ. ಸಸ್ಯಶಾಸ್ತ್ರ ಓದದ ನನಗೆ ಇದು ಸಾಧ್ಯವೇ? ತುಮಕೂರಿನ ಬಳಿಯ ದೇವರಾಯನದುರ್ಗದ ಕಾಡನ್ನೇ ಆರಿಸಿಕೊಳ್ಳಬಹುದೇ?

ಉತ್ತರ:
ಖಂಡಿತ ಸಾಧ್ಯ. ಈ ಕ್ಷೇತ್ರಕ್ಕೆ ಬುನಾದಿ ಹಾಕಿದ ಮಾದರಿಗಳಲ್ಲೊಂದಾದ ಜಬೋವಾವನ್ನು 1972ರಲ್ಲಿ ಪ್ರಕಟಿಸಿದವರು ಪರಿಸರ ವಿಜ್ಞಾನಿ ಡೇನಿಯಲ್ ಬಾಟ್ಕಿನ್ ಮತ್ತು ಐಬಿಎಂ ಸಂಸ್ಥೆಯ ಜನಾಕ್, ವಾಲಿಸ್ ಎಂಬ ಇಬ್ಬರು. ಸಣ್ಣದೊಂದು ತುಂಡು ನೆಲದಲ್ಲಿರುವ ಪ್ರತಿಯೊಂದು ಮರವೂ ಬೆಳಕು, ಉಷ್ಣಾಂಶ ಮತ್ತು ಮಣ್ಣಿನ ಸ್ಥಿತಿಗೆ ತಕ್ಕಂತೆ ವರ್ಷಕ್ಕೆಷ್ಟು ದಪ್ಪವಾಗುತ್ತದೆ, ಯಾವಾಗ ಸಾಯುತ್ತದೆ, ಅದು ಬಿದ್ದ ಜಾಗದಲ್ಲಿ ಯಾವ ಸಸಿ ಮೇಲೇಳುತ್ತದೆ ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಇಷ್ಟನ್ನು ಸಮೀಕರಣಗಳಿಗೆ ಇಳಿಸುವುದು ನಿಮಗೆ ಕಷ್ಟವಾಗದು.

ಕಷ್ಟವಿರುವುದು ದತ್ತಾಂಶದಲ್ಲಿ. ಒಂದೇ ಮರವನ್ನು ಹತ್ತಾರು ವರ್ಷ ಅಳೆಯದೆ ಅದರ ಬೆಳವಣಿಗೆಯ ದರ ತಿಳಿಯದು. ಆದ್ದರಿಂದ ಸಂಸ್ಥೆಯ ಹೆಸರಿಗಿಂತ ಮೊದಲು, ಮಾರ್ಗದರ್ಶಕರ ಬಳಿ ಯಾವ ಕಾಡಿನ, ಎಷ್ಟು ವರ್ಷಗಳ ಅಳತೆಗಳಿವೆ ಎಂದು ಕೇಳಿ. ತಮಿಳುನಾಡಿನ ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ತಂಡ 1988ರಲ್ಲಿ ಗುರುತಿಸಿದ 50 ಹೆಕ್ಟೇರ್ ಕಾಡಿನಲ್ಲಿ, 1 ಸೆಂಟಿಮೀಟರಿಗಿಂತ ದಪ್ಪನಾದ ಪ್ರತಿಯೊಂದು ಕಾಂಡವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ನಮ್ಮ ಕಡೆಯ ದಿಂಡಿಗ ಮರ ಅಲ್ಲಿಯೂ ಇದೆ. ಅಲ್ಲಿ ಮಾದರಿಯನ್ನು ಹೊಂದಿಸಿ, ಮಳೆ ಕಡಿಮೆಯಿರುವ ದೇವರಾಯನದುರ್ಗದಲ್ಲಿ ಪರೀಕ್ಷಿಸುವುದು ಒಳ್ಳೆಯ ಪ್ರಬಂಧದ ವಿಷಯವಾದೀತು. ಕೇವಲ ದೇವರಾಯನದುರ್ಗವನ್ನು ನಂಬಿ, ಪಿಎಚ್.ಡಿ. ಅವಧಿಯ ಅಳತೆಗಳಿಂದಲೇ ಮಾದರಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕೆಲಸ ಮಾಡಲು ಅರಣ್ಯ ಇಲಾಖೆಯ ಲಿಖಿತ ಅನುಮತಿಯೂ ಬೇಕು. ಅದಕ್ಕೆ ಬೇಗ ಅರ್ಜಿ ಹಾಕಿ.

ಅಳತೆಯ ಒಂದು ಸೂಕ್ಷ್ಮವನ್ನೂ ಹೇಳಿಬಿಡುತ್ತೇನೆ. ನಮ್ಮ ಕುರುಚಲು ಕಾಡಿನ ಮರಗಳ ಕಾಂಡ ಬೇಸಿಗೆಯಲ್ಲಿ ನೀರಿಲ್ಲದೆ ತುಸು ಕುಗ್ಗಿ, ಮಳೆ ಬಿದ್ದ ಮೇಲೆ ಹಿಗ್ಗುತ್ತದೆ. ಮೊದಲ ವರ್ಷ ಅಕ್ಟೋಬರಿನಲ್ಲಿ, ಮರುವರ್ಷ ಮಾರ್ಚಿನಲ್ಲಿ ಟೇಪು ಸುತ್ತಿದರೆ ಬದುಕಿರುವ ಮರವೇ ಸಣ್ಣದಾದಂತೆ ಕಾಣುತ್ತದೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಬಣ್ಣದ ಗುರುತು ಹಾಕಿ, ಪ್ರತಿ ವರ್ಷ ಅದೇ ತಿಂಗಳಲ್ಲಿ, ಅದೇ ಗುರುತಿನ ಮೇಲೆ ಅಳೆಯಬೇಕು. ಒಂದು ಋತುವಾದರೂ ಟೇಪು ಹಿಡಿದು ಕಾಡಿನಲ್ಲಿ ಓಡಾಡಿ. ಸಸ್ಯಶಾಸ್ತ್ರದ ಕೊರತೆ ಅಲ್ಲಿಯೇ ಬಹುಪಾಲು ನೀಗುತ್ತದೆ.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ):
ಧನ್ಯವಾದ ಮೇಡಂ. ಮನೆಯಿಂದ ಹಣ ಕೇಳುವ ಸ್ಥಿತಿಯಿಲ್ಲ. ಫೆಲೋಶಿಪ್ ಹೇಗೆ, ಎಲ್ಲಿ ಅರ್ಜಿ ಹಾಕಲಿ?

ಉತ್ತರ:
ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯನ್ನು ನೀವು ಗಣಿತ ವಿಷಯದಲ್ಲಿಯೇ ಬರೆಯಬಹುದು. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆಗಿ 42,000 ರೂಪಾಯಿ ಸಿಗುತ್ತದೆ. ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಪ್ರವೇಶ ಪರೀಕ್ಷೆಯಲ್ಲಿ ಜೀವಿಪರಿಸರ ಮತ್ತು ವಿಕಾಸದ ಪತ್ರಿಕೆಯೂ ಇದೆ. ಬೆಂಗಳೂರಿನಲ್ಲಿಯೇ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಪರಿಸರ ಸಂಶೋಧನೆ ನಡೆಸುವ ಏಟ್ರೀ, ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗಳಿರುವುದು ನಿಮ್ಮ ಅದೃಷ್ಟ, ಮೂರನ್ನೂ ನೋಡಿಬನ್ನಿ. ವಿದೇಶವೆಂದರೆ ಸ್ವೀಡನ್ನಿನಲ್ಲಿ ಪಿಎಚ್.ಡಿ. ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ಸಂಬಳದ ನೌಕರರಾಗಿಯೇ ನೇಮಿಸಿಕೊಳ್ಳುತ್ತಾರೆ.

ಪ್ರಶ್ನೆ (ಶಿರಾದ ಸದಸ್ಯರು):
ಕಾಡಿಗೆ ಹೋಗದೆ ಉಪಗ್ರಹದ ಮಾಹಿತಿಯಿಂದಲೇ ಮಾದರಿ ಮಾಡಲಾಗದೇ ಮೇಡಂ?

ಉತ್ತರ:
ಅರ್ಧ ದಾರಿ ಹೋಗಬಹುದು ಸರ್. 2018ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ಜೆಡಿ ಎಂಬ ಲೇಸರ್ ಉಪಕರಣ ಕಾಡಿನ ಎತ್ತರವನ್ನು ಅಳೆದಿದೆ, ಅದರ ದತ್ತಾಂಶ ಉಚಿತ. ಆದರೆ ಅದು ಕಾಣುವುದು ಎತ್ತರವನ್ನು. ಆ ಮರ ಕಮರವೋ ದಿಂಡಿಗವೋ, ಬುಡದಲ್ಲಿ ಸಸಿಗಳಿವೆಯೋ ಬೆಂಕಿಗೆ ಸುಟ್ಟುಹೋಗಿವೆಯೋ ಎಂಬುದು ಅದರಿಂದ ತಿಳಿಯುವುದಿಲ್ಲ. ಮುಂದಿನ ಐವತ್ತು ವರ್ಷದ ಕಾಡನ್ನು ನಿರ್ಧರಿಸುವುದು ಆ ಸಸಿಗಳೇ ಆದ್ದರಿಂದ, ಅವುಗಳ ಲೆಕ್ಕವಿಲ್ಲದ ಮಾದರಿಯನ್ನು ನಾನು ಪಿಎಚ್.ಡಿ.ಗೆ ಸಾಕೆನ್ನಲಾರೆ.