ಅಮ್ಮನ ಹೊಸ ಹಲ್ಲಿನ ಸೆಟ್: ಕೆಳಗಿನದು ನಿಲ್ಲುತ್ತಲೇ ಇಲ್ಲ, ಅನುಭವ ಇರುವವರು ಹೇಳಿ

ಅಮ್ಮನಿಗೆ 68 ವರ್ಷ. ಉಳಿದಿದ್ದ ಹಲ್ಲುಗಳನ್ನೂ ತೆಗೆಸಿ, ಒಸಡು ಮಾಗಿದ ಮೇಲೆ ಮೇಲೆ ಕೆಳಗೆ ಎರಡೂ ಸೆಟ್ ಕಟ್ಟಿಸಿದೆವು. ಇವತ್ತಿಗೆ 12 ದಿನ. ಮೇಲಿನದು ಪರವಾಗಿಲ್ಲ. ಕೆಳಗಿನದು ಮಾತಾಡುವಾಗಲೇ ಎದ್ದು ಬರುತ್ತದೆ, ಒಂದು ಕಡೆ ಹುಣ್ಣೂ ಆಗಿದೆ. ಊಟಕ್ಕೆ ಕೂತರೆ ಮೊದಲು ಸೆಟ್ ತೆಗೆದು ಡಬ್ಬಿಗೆ ಹಾಕುತ್ತಾರೆ. ನಾವು ದವಡೆಯ ಮೂಳೆಗೆ ತಿರುಪು ಕೂರಿಸುವ ಇಂಪ್ಲಾಂಟ್ ಮಾಡಿಸಬೇಕಿತ್ತಾ?

ಅಪ್ಪನನ್ನು ನೋಡಿಕೊಂಡ ಮಗಳು

ನೀವು ತಪ್ಪೇನೂ ಮಾಡಿಲ್ಲ. ನಮ್ಮಪ್ಪನದೂ ಹೀಗೇ ಶುರುವಾಗಿದ್ದು. ಮೇಲಿನ ಸೆಟ್ ಅಂಗುಳವನ್ನೆಲ್ಲ ಮುಚ್ಚಿಕೊಂಡು ಕೂರುತ್ತದೆ. ನಡುವೆ ತೆಳ್ಳಗೆ ಎಂಜಲು ಇರುತ್ತದೆ, ಸುತ್ತಲಿನ ಅಂಚು ಗಾಳಿ ನುಗ್ಗದ ಹಾಗೆ ತಡೆಯುತ್ತದೆ. ಒದ್ದೆಯಾದ ಎರಡು ಗಾಜಿನ ತುಂಡು ಅಂಟಿಕೊಳ್ಳುತ್ತವಲ್ಲ, ಹಾಗೆ. ಕೆಳಗಿನದು ಕುದುರೆ ಲಾಳದ ಆಕಾರ. ಕೂರಲು ಜಾಗವೇ ಕಡಿಮೆ. ಒಳಗಿನಿಂದ ನಾಲಿಗೆ ತಳ್ಳುತ್ತದೆ, ಹೊರಗಿನಿಂದ ಕೆನ್ನೆ, ತುಟಿ. ಎಷ್ಟು ಚೆನ್ನಾಗಿ ಮಾಡಿದ್ದರೂ ಅದು ಸ್ವಲ್ಪ ಅಲುಗಾಡುತ್ತದೆ.

ಅಪ್ಪ ಬಾಯಿ ತೆರೆದ ಕೂಡಲೇ ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಸೆಟ್ ಎದ್ದುಬಿಡುತ್ತಿತ್ತು. ನಾಲಿಗೆಯ ತುದಿ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಮೆಲ್ಲಗೆ ತಾಗಿರಲಿ ಅಂತ ಡಾಕ್ಟರ್ ಹೇಳಿಕೊಟ್ಟರು. ಕನ್ನಡಿ ಮುಂದೆ ಕೂತು ಅದನ್ನೇ ಮಾಡುತ್ತಿದ್ದರು, ಪೇಪರನ್ನು ಜೋರಾಗಿ ಓದುತ್ತಿದ್ದರು. ‘ಸ’ ಮತ್ತು ‘ಫ’ ಸರಿಯಾಗಿ ಬರಲು ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಊಟಕ್ಕೆ ಮೆತ್ತಗಿನದ್ದು, ಚಿಕ್ಕ ತುತ್ತು. ಆ ತುತ್ತನ್ನೂ ಎರಡು ಕಡೆಗೆ ಹಂಚಿಕೊಂಡು ಅಗಿಯಬೇಕು. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ಮುಂದಿನ ಹಲ್ಲಲ್ಲಿ ಕಚ್ಚಿ ಎಳೆದರೆ ಹಿಂದೆ ಏಳುತ್ತದೆ. ಸ್ವಂತ ಹಲ್ಲಿನಷ್ಟು ಬಲ ಯಾವ ಸೆಟ್ಟಿಗೂ ಬರುವುದಿಲ್ಲ, ಸಿಗುವುದು ಅದರ ಕಾಲು ಭಾಗದ ಆಸುಪಾಸು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅಪ್ಪ ಅಷ್ಟೊಂದು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವರಿಗೆ ಸುಮಾರು ಆರು ವಾರ ಬೇಕಾಯಿತು. 12 ದಿನ ಏನೂ ಅಲ್ಲ, ಅಮ್ಮನಿಗೆ ಹೇಳಿ.

ಏಳು ವರ್ಷದಿಂದ ಸೆಟ್ ಹಾಕುತ್ತಿರುವವರು

ಹುಣ್ಣಿನ ಬಗ್ಗೆ ಮಾತ್ರ ಹೇಳುತ್ತೇನೆ. ದಯವಿಟ್ಟು ಸಹಿಸಿಕೊಂಡು ಕೂರಬೇಡಿ. ರೂಢಿಯಾಗುತ್ತದೆ ಅಂತ ನಾನು ಮೂರು ವಾರ ಸುಮ್ನೆ ನೋವು ತಿಂದೆ. ರೂಢಿ ಆಗುವುದು ಅಲುಗಾಟ, ಹುಣ್ಣಲ್ಲ. ಅದು ಸೆಟ್ ಒತ್ತುತ್ತಿರುವ ಜಾಗ, ಅಲ್ಲಿ ಸೆಟ್ಟನ್ನು ಡಾಕ್ಟರ್ ಹತ್ತಿರ ಉಜ್ಜಿಸಲೇಬೇಕು.

ನೋವಿದ್ದಾಗ ತೆಗೆದಿಡಲಿ, ಆದರೆ ಡಾಕ್ಟರ್ ಹತ್ತಿರ ಹೋಗುವ ಹಿಂದಿನ ದಿನದಿಂದ ಮತ್ತೆ ಹಾಕಿಕೊಂಡಿರಲಿ. ಇಲ್ಲದಿದ್ದರೆ ಒಸಡಿನ ಕೆಂಪು ಗುರುತು ಮಾಸಿ, ಎಲ್ಲಿ ಉಜ್ಜಬೇಕು ಅಂತಲೇ ಗೊತ್ತಾಗುವುದಿಲ್ಲ. ನನ್ನ ಸೆಟ್ಟಿನ ಒಳಗೆ ಬಿಳಿ ಪೇಸ್ಟ್ ಹಚ್ಚಿ ಬಾಯಿಗಿಟ್ಟು ಒತ್ತಿದರು. ತೆಗೆದಾಗ ಒಂದು ಕಡೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಪೇಸ್ಟ್ ಅಳಿಸಿ ಗುಲಾಬಿ ಬಣ್ಣ ಕಾಣುತ್ತಿತ್ತು. ಅಷ್ಟನ್ನೇ ಉಜ್ಜಿದರು. ಮೂರು ವಾರದ ಸಂಕಟ ಅಷ್ಟೇ ಜಾಗದ್ದು. ಮನೆಯಲ್ಲಿ ಅರ ಹಿಡಿದು ಉಜ್ಜಲು ಹೋಗಬೇಡಿ, ಒಂದು ಸಲ ಜಾಸ್ತಿ ಉಜ್ಜಿದರೆ ಸೆಟ್ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಉಜ್ಜಿಸಿ ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ಮತ್ತೆ ತೋರಿಸಲೇಬೇಕು.

ಅಜ್ಜಿಯ ಸೆಟ್ ತೊಳೆಯುವ ಮೊಮ್ಮಗ

ರಾತ್ರಿ ತೆಗೆಸಿ. ಒಸಡಿಗೆ ಬಿಡುವು ಬೇಕು. ನಮ್ಮಜ್ಜಿ ಹಗಲು ರಾತ್ರಿ ಹಾಕಿಕೊಂಡೇ ಇದ್ದು ಅಂಗುಳವೆಲ್ಲ ಕೆಂಪಾಗಿತ್ತು, ಫಂಗಸ್ ಸೋಂಕು ಅಂದರು. ತೆಗೆದ ಸೆಟ್ ಒಣಗಬಾರದು, ನೀರಲ್ಲಿ ಇಡಿ. ಬಿಸಿ ನೀರು ಬೇಡ, ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮೆತ್ತಗಿನ ಬ್ರಷ್, ಸೋಪಿನ ನೀರು ಸಾಕು. ಟೂತ್‌ಪೇಸ್ಟ್ ಗೀರು ಹಾಕುತ್ತದೆ. ತೊಳೆಯುವಾಗ ಸಿಂಕಿನಲ್ಲಿ ಟವೆಲ್ ಹಾಸಿಕೊಳ್ಳಿ. ಕೈ ಜಾರಿ ಒಂದು ಸಲ ಎರಡು ಹೋಳಾಗಿದ್ದು ನಮ್ಮನೆಯಲ್ಲೇ.

ಎರಡು ಇಂಪ್ಲಾಂಟ್ ಹಾಕಿಸಿಕೊಂಡವರು

ಇಂಪ್ಲಾಂಟಿಗೆ ಈಗಲೂ ತಡವಾಗಿಲ್ಲ. ಬಾಯಿ ತುಂಬಾ ಬೇಕಿಲ್ಲ. ಕೆಳದವಡೆಯ ಮುಂಭಾಗದಲ್ಲಿ ಎರಡು ಹಾಕಿ, ಸೆಟ್ಟನ್ನು ಅಂಗಿಯ ಪ್ರೆಸ್ ಬಟನ್ ಹಾಗೆ ಅದಕ್ಕೆ ಕೂರಿಸುತ್ತಾರೆ. ಹಲ್ಲೇ ಇಲ್ಲದ ಕೆಳದವಡೆಗೆ ಮೊದಲು ಯೋಚಿಸಬೇಕಾದ್ದು ಇದನ್ನೇ ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ಎಷ್ಟೋ ಸಲ ಈಗಿರುವ ಸೆಟ್ಟಿಗೇ ಬಟನ್ ಕೂರಿಸಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಮೂಳೆ ಟೊಳ್ಳಾಗುವ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು.

ಇನ್ನೊಂದು. ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತದೆ, ಮೊದಲ ವರ್ಷ ಜಾಸ್ತಿ. ಆರೇಳು ತಿಂಗಳಲ್ಲಿ ಸೆಟ್ ಸಡಿಲವಾದರೆ ಗಾಬರಿ ಬೇಡ, ಒಳಗೆ ಹೊಸ ಪದರ ಹಾಕಿಸಿದರೆ ಮತ್ತೆ ಕೂರುತ್ತದೆ.

ಕೇಳಿದವರು

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ‘ಸಾಸಿವೆ ಕಾಳಿನಷ್ಟು ಜಾಗನಾ?’ ಅಂತ ಎರಡು ಸಲ ಕೇಳಿದರು. ನಾಳೆಯಿಡೀ ಹಾಕಿಕೊಂಡಿರುತ್ತಾರಂತೆ, ನಾಡಿದ್ದು ಬೆಳಿಗ್ಗೆ ಉಜ್ಜಿಸಲು ಹೋಗುತ್ತೇವೆ.