ಸಿಟ್ಟು ತರಿಸುವವರಿಗೆ ಒಳಿತು ಹಾರೈಸುವುದು ಹೇಗೆ? – ಧ್ಯಾನ ಪ್ರಶ್ನೋತ್ತರ

ಪ್ರಶ್ನೆ: ಜಮೀನಿನ ಪಾಲಿನ ವಿಷಯದಲ್ಲಿ ದಾಯಾದಿಯೊಬ್ಬನ ಮೇಲೆ ವಿಪರೀತ ಸಿಟ್ಟಿದೆ. ಮಲಗುವ ಮುನ್ನ ‘ಅವನಿಗೆ ಒಳ್ಳೆಯದಾಗಲಿ’ ಎಂದು ಹೇಳಿಕೊಳ್ಳುತ್ತಿದ್ದೇನೆ. ಹೇಳಿದಷ್ಟೂ ಅವನಾಡಿದ ಮಾತೇ ನೆನಪಾಗಿ ನಿದ್ದೆ ಹಾರಿಹೋಗುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ (ಒಳಿತು ಹಾರೈಸುವ ‘ಮೈತ್ರಿ ಧ್ಯಾನ’ದ ಶಿಕ್ಷಕರು): ಸರದಿಯಲ್ಲಿ. ಕೊನೆಗೆ ಬರಬೇಕಾದವನನ್ನು ಮೊದಲೇ ಕರೆದಿದ್ದೀರಿ. 5ನೇ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿದ್ದ ಬೌದ್ಧ ಭಿಕ್ಷು ಬುದ್ಧಘೋಷ ತನ್ನ ‘ವಿಸುದ್ಧಿಮಗ್ಗ’ ಗ್ರಂಥದ 9ನೇ ಅಧ್ಯಾಯದಲ್ಲಿ ಇದನ್ನೇ ಎಚ್ಚರಿಸುತ್ತಾನೆ: ವೈರಿಯಿಂದ ಶುರುಮಾಡಿದರೆ ಸಿಟ್ಟೇ ಏಳುತ್ತದೆ. ಅತಿ ಪ್ರಿಯರಿಂದಲೂ ಬೇಡ. ಅವರಿಗೆ ಚೂರು ನೋವಾದರೂ ಮನಸ್ಸು ಅಳುತ್ತದೆ.

ಮೊದಲು ನಿಮಗೆ: ‘ನಾನು ವೈರವಿಲ್ಲದವನಾಗಲಿ, ದ್ವೇಷವಿಲ್ಲದವನಾಗಲಿ, ಸುಖವಾಗಿ ಬಾಳಲಿ’. ಆಮೇಲೆ ಗೌರವಿಸುವ ಗುರುವಿಗೆ, ನಂತರ ಆಪ್ತ ಗೆಳೆಯನಿಗೆ, ಆಮೇಲೆ ಇಷ್ಟವೂ ಇಲ್ಲದ ದ್ವೇಷವೂ ಇಲ್ಲದ ಒಬ್ಬರಿಗೆ (ಹಾಲು ತಂದುಕೊಡುವವರಾದರೂ ಸರಿ). ದಾಯಾದಿಯದು ಕಡೆಯ ಸರದಿ. ಇಪ್ಪತ್ತು ನಿಮಿಷ ಕೂರುವುದಾದರೆ ಅವನ ಪಾಲಿಗೆ ಎರಡೋ ಮೂರೋ ನಿಮಿಷ ಸಾಕು, ಅದೂ ಹಿಂದಿನ ಹಂತಗಳಲ್ಲಿ ಮನಸ್ಸು ಮೆತ್ತಗಾದ ಮೇಲೆ. ಮೊದಲ ವಾರಗಳಲ್ಲಿ ಅವನನ್ನು ಕೈಬಿಟ್ಟರೂ ನಷ್ಟವಿಲ್ಲ. ಮತ್ತೆ, ಮಲಗುವ ಹೊತ್ತು ಬೇಡ, ಬೆಳಿಗ್ಗೆ ಕೂತುಕೊಳ್ಳಿ.

ಪ್ರಶ್ನೆ: ಅವನ ಸರದಿ ಬಂದಾಗ ಮತ್ತೆ ಸಿಟ್ಟು ಬಂದರೆ?

ಉತ್ತರ (ಅದೇ ಶಿಕ್ಷಕರು): ಬಂದೇ ಬರುತ್ತದೆ. ಹಟ ಹಿಡಿದು ಅದೇ ಸಾಲನ್ನು ಜಪಿಸಬೇಡಿ. ಹಿಂದಿನ ಹಂತಕ್ಕೆ, ಅಂದರೆ ಗೆಳೆಯನಿಗೋ ಹಾಲಿನವರಿಗೋ ಮರಳಿ, ಮನಸ್ಸು ತಿಳಿಯಾದ ಮೇಲೆ ಮತ್ತೆ ಬನ್ನಿ. ಅದಕ್ಕೂ ಬಗ್ಗದಿದ್ದರೆ ಗ್ರಂಥದಲ್ಲಿ ಒಂದಾದ ಮೇಲೊಂದು ಉಪಾಯಗಳಿವೆ. ನನ್ನ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬರುವುದು ಇದು: ಅವನ ನಡೆ, ಮಾತು, ಮನಸ್ಸು ಮೂರನ್ನೂ ಬಿಡಿಸಿ ನೋಡಿ. ಮಾತು ಒರಟಾದರೂ ನಡೆ ಶುದ್ಧವಿದ್ದರೆ ನಡೆಯನ್ನಷ್ಟೇ ನೆನೆಯಿರಿ. ಮೂರೂ ಕೆಟ್ಟಿದ್ದರೆ ಮೈತ್ರಿ ಬಿಟ್ಟು ಕರುಣೆಗೆ ಬನ್ನಿ. ತನ್ನ ಕರ್ಮದ ಫಲವನ್ನು ಅವನೇ ಉಣ್ಣಬೇಕಲ್ಲ! ಇನ್ನೊಂದು ಉಪಾಯ ವಿಚಿತ್ರವೆನಿಸಬಹುದು: ಸಿಟ್ಟು ಅವನ ಕೂದಲಿನ ಮೇಲೋ, ಉಗುರಿನ ಮೇಲೋ, ಮೈಯೊಳಗಿನ ಪೃಥ್ವಿ ಧಾತುವಿನ (ಗಟ್ಟಿ ಅಂಶದ) ಮೇಲೋ ಎಂದು ಕೇಳಿಕೊಳ್ಳುವುದು. ಸಿಟ್ಟಿಗೆ ಅಂಟಿಕೊಳ್ಳಲು ಜಾಗ ಸಿಗುವುದಿಲ್ಲ. ಎಲ್ಲಕ್ಕೂ ಕಡೆಯದು, ಅವನಿಗೆ ಏನಾದರೂ ಕೊಡುವುದು, ಅಥವಾ ಅವನು ಕೊಟ್ಟದ್ದನ್ನು ತೆಗೆದುಕೊಳ್ಳುವುದು.

ಪ್ರಶ್ನೆ: ಹಾಗಾದರೆ ಕೋರ್ಟಿನ ದಾವೆ ವಾಪಸು ಪಡೆಯಬೇಕೇ?

ಉತ್ತರ (ಆಪ್ತಸಮಾಲೋಚಕರು): ಖಂಡಿತ ಬೇಡ. ಹಾರೈಕೆ ಮನಸ್ಸಿನ ಕೆಲಸ, ಪಾಲು ಕಾನೂನಿನದು. ಪತಂಜಲಿಯ ಯೋಗಸೂತ್ರವೂ (1.33) ಎಲ್ಲರಿಗೂ ಒಂದೇ ಭಾವ ಹೇಳುವುದಿಲ್ಲ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ (ಸಂತೋಷ), ಪಾಪಿಗಳಲ್ಲಿ ಉಪೇಕ್ಷೆ (ತಟಸ್ಥ ಭಾವ). ‘ನಿನಗಾಗಿ ಪ್ರಾರ್ಥಿಸುತ್ತಿದ್ದೇನೆ’ ಎಂದು ಅವನಿಗೆ ವಾಟ್ಸಾಪ್ ಕಳಿಸಲೂ ಹೋಗಬೇಡಿ. ಅದು ಚುಚ್ಚುಮಾತಾಗಿಯೇ ಕೇಳಿಸುತ್ತದೆ. ಹೊಡೆತ, ಬೆದರಿಕೆ ಇದ್ದರೆ ಮೊದಲು ದೂರ ಸರಿಯಿರಿ, ಪೊಲೀಸರಿಗೆ ತಿಳಿಸಿ. ಅಂಥ ಸ್ಥಿತಿಯಲ್ಲಿರುವವರಿಗೆ ‘ಅವನಿಗೆ ಹಾರೈಸಿ’ ಎಂದು ನಾನಂತೂ ಹೇಳುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು): ತೀರಿಹೋದ ಅಪ್ಪನ ಮೇಲಿನ ಸಿಟ್ಟಿಗೂ ಇದೇ ಕ್ರಮವೇ?

ಉತ್ತರ (ಶಿಕ್ಷಕರು): ಅಲ್ಲ. ಈ ಧ್ಯಾನಕ್ಕೆ ಸತ್ತವರನ್ನು ವಿಷಯವಾಗಿ ಇಟ್ಟುಕೊಳ್ಳಬಾರದು ಎಂದು ಬುದ್ಧಘೋಷ ಸ್ಪಷ್ಟವಾಗಿ ಹೇಳಿದ್ದಾನೆ, ಏಕಾಗ್ರತೆ ಹುಟ್ಟುವುದಿಲ್ಲ. ತೀರಿಕೊಂಡಿದ್ದ ಗುರುವನ್ನು ಅರಿಯದೆ ನೆನೆಯುತ್ತಿದ್ದ ಯುವ ಭಿಕ್ಷುವಿಗೆ ಧ್ಯಾನವೇ ಕೂಡಲಿಲ್ಲ ಎಂಬ ಪ್ರಸಂಗವೂ ಅಲ್ಲಿದೆ. ಸತ್ತವರಿಗಾಗಿ ಥೇರವಾದಿಗಳು (ಬುದ್ಧಘೋಷನ ಪಂಥದ ಬೌದ್ಧರು) ಮಾಡುವುದು ಬೇರೆ: ಅವರ ಹೆಸರಲ್ಲಿ ದಾನ ಕೊಟ್ಟು ‘ಈ ಪುಣ್ಯ ಅವರಿಗೆ ಸಲ್ಲಲಿ’ ಎನ್ನುತ್ತಾರೆ. ಧ್ಯಾನಕ್ಕೆ ಕೂತಾಗ ಬದುಕಿರುವವರನ್ನೇ ಆರಿಸಿಕೊಳ್ಳಿ.