ನಾಯಿ ಕಾಂಬಿಫ್ಲಾಮ್ ತಿಂದಿದೆ, ನೋಡೋಕೆ ಆರಾಮಾಗಿದೆ. ಡಾಕ್ಟರ್ ಹತ್ತಿರ ಹೋಗಬೇಕಾ?

ತುಮಕೂರು ಹುಡುಗಿ:
ನಮ್ಮ ಕರಿಯ ನಾಟಿ ನಾಯಿ, 12 ಕೆಜಿ. ಅತ್ತೆಯ ಮಂಡಿ ನೋವಿನ ಕಾಂಬಿಫ್ಲಾಮ್ ಸ್ಟ್ರಿಪ್ಪನ್ನು ದಿವಾನದ ಕೆಳಗೆ ಎಳೆದುಕೊಂಡು ಹೋಗಿ ಕಡಿದಿದ್ದಾನೆ. ಮೂರು ಮಾತ್ರೆ ಕಾಣುತ್ತಿಲ್ಲ. ಮುಕ್ಕಾಲು ಗಂಟೆ ಆಗಿರಬಹುದು. ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದಾನೆ. ಪಕ್ಕದ ಮನೆಯವರು ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ ಅಂತಿದ್ದಾರೆ. ಮಾಡಲಾ? ಇಲ್ಲ ಬೆಳಗ್ಗೆವರೆಗೂ ನೋಡಲಾ?

ವೆಟ್ ಮಾತು:
ಎರಡೂ ಬೇಡ, ಈಗಲೇ ಹೊರಡಿ. ಉಪ್ಪು ನೀರು ವಾಂತಿಯಾಗದೆ ಒಳಗೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಲೆಕ್ಕ ನೋಡಿ: ಒಂದು ಮಾತ್ರೆಯಲ್ಲಿ ಐಬುಪ್ರೊಫೆನ್ 400 ಮಿಗ್ರಾಂ, ಪ್ಯಾರಾಸಿಟಮಾಲ್ 325. ಮೂರಕ್ಕೆ 1200 ಮತ್ತು 975, ಅಂದರೆ ನಿಮ್ಮ ಕರಿಯನಿಗೆ ಕೆಜಿಗೆ 100 ಮತ್ತು 81. ಐಬುಪ್ರೊಫೆನ್ ಕೆಜಿಗೆ 25 ದಾಟಿದರೇ ನಾಯಿಗೆ ವಾಂತಿ, ಹೊಟ್ಟೆ ಹುಣ್ಣು ಶುರುವಾಗಬಹುದು. 175 ದಾಟಿದರೆ ಕಿಡ್ನಿಗೆ ಹೊಡೆತ. ಪ್ಯಾರಾಸಿಟಮಾಲ್ 100ರ ಆಸುಪಾಸು ಬಂದರೆ ಲಿವರ್‌ಗೆ ಅಪಾಯ. ಈಗ ಆರಾಮಾಗಿದ್ದಾನೆ ಅನ್ನೋದು ಲೆಕ್ಕಕ್ಕೇ ಇಲ್ಲ. ಒಂದೆರಡು ಗಂಟೆಯೊಳಗೆ ತಲುಪಿದರೆ ಔಷಧಿ ಕೊಟ್ಟು ವಾಂತಿ ಮಾಡಿಸುತ್ತಾರೆ. ಖಾಲಿ ಸ್ಟ್ರಿಪ್ ಜೊತೆಗೆ ಒಯ್ಯಿರಿ.

ಹಾಸನದ ಗೌಡ್ರು:
ಹಾಲು ಕುಡಿಸಿದರೆ ವಿಷ ಇಳಿಯುತ್ತೆ ಅಂತಾರಲ್ವಾ? ನಮ್ಮ ಕಡೆ ಎಲ್ಲರೂ ಹಾಗೇ ಮಾಡೋದು.

ವೆಟ್ ಮಾತು:
ಇಳಿಯಲ್ಲ ಸಾರ್, ಸುಮ್ನೆ ಟೈಮ್ ಹೋಗುತ್ತೆ. ಬೆಕ್ಕು ಸಾಕಿರುವವರು ಇನ್ನೂ ಜಾಸ್ತಿ ಹುಷಾರಾಗಿರಿ, ಅದಕ್ಕೆ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣ ತೆಗೆಯಬಹುದು.

ತುಮಕೂರು ಹುಡುಗಿ:
ಹೋಗಿ ಬಂದೆವು. ವಾಂತಿಯಲ್ಲಿ ಅರ್ಧ ಕರಗಿದ ಮಾತ್ರೆ, ಫಾಯಿಲ್ ಚೂರು ಎಲ್ಲ ಬಂತು. ಆಮೇಲೆ ಆ್ಯಕ್ಟಿವೇಟೆಡ್ ಚಾರ್ಕೋಲ್ (ಹೊಟ್ಟೆಯಲ್ಲಿ ಉಳಿದ ಔಷಧಿ ಹೀರಿಕೊಳ್ಳುವ ಇದ್ದಿಲ ಪುಡಿ) ಕುಡಿಸುವಾಗ ತಲೆ ಕೊಡವಿ ಡಾಕ್ಟರ ಅಂಗಿ, ನನ್ನ ದುಪಟ್ಟಾ ಎರಡನ್ನೂ ಕಪ್ಪು ಮಾಡಿದ. ಡ್ರಿಪ್ ಹಾಕಿದರು, ಲಿವರ್‌ಗೆ ಎನ್-ಅಸಿಟೈಲ್‌ಸಿಸ್ಟೀನ್, ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಕೊಟ್ಟರು. ಕಿಡ್ನಿ ಹೇಗಿದೆ ನೋಡೋಕೆ ನಾಳೆ, ನಾಡಿದ್ದು ಕ್ರಿಯಾಟಿನಿನ್ ಟೆಸ್ಟ್ ಇದೆ. ಕಕ್ಕ ಕಪ್ಪಾದರೆ ತಕ್ಷಣ ಹೇಳಿ ಅಂದಿದ್ದಾರೆ. ಆದರೆ ಚಾರ್ಕೋಲ್ ಕುಡಿದವನದು ಕಪ್ಪೇ ಇರುತ್ತಲ್ವಾ, ಹೇಗೆ ಗೊತ್ತಾಗೋದು?

ವೆಟ್ ಮಾತು:
ಚಾರ್ಕೋಲಿನ ಕಪ್ಪು ಒಂದೆರಡು ದಿನದಲ್ಲಿ ಹೋಗುತ್ತೆ. ಆಮೇಲೂ ಡಾಂಬರಿನ ಹಾಗೆ ಅಂಟಂಟಾಗಿ, ಗಬ್ಬು ವಾಸನೆ ಬಂದರೆ ರಕ್ತ ಇರಬಹುದು. ದಿನಾ ತುಟಿ ಎತ್ತಿ ಒಸಡು ನೋಡಿ, ಬಿಳಿಚಿದ್ದರೂ ಕಂದು ಬಣ್ಣಕ್ಕೆ ತಿರುಗಿದ್ದರೂ ಓಡಿ. ಮತ್ತೆ, ಪಾಪ ನೋವಿರಬೇಕು ಅಂತ ಬೇರೆ ನೋವಿನ ಮಾತ್ರೆ ಕೊಡಬೇಡಿ, ನಾಯಿಗೆ ಅಂತಲೇ ಬರುವ ಮೆಲಾಕ್ಸಿಕಾಮ್ ಕೂಡ ಈಗ ಬೇಡ.